ಹೊಸ್ತಿಲಿನಾಚೆ ಹಿಡಿದ ಪುಸ್ತಕ

ಮೊನ್ನೆ ಅಂಬಲಪಾಡಿಯಲ್ಲಿ ವಿಠಲ ಉಪಾಧ್ಯರ ವೈಕುಂಠ ಸಮಾರಾಧನೆ ಮುಗಿದ ಮೇಲೆ ಒಬ್ಬರು ಎದ್ದು ನಿಂತು ಎರಡು ಮಾತು ಆಡಿದರು. ‘ಉಪಾಧ್ಯರು ಮೊಮ್ಮಕ್ಕಳಿಗೆ ಮನೆಯಲ್ಲಿಯೇ ವಿದ್ಯೆ ಕೊಡಿಸಿದವರು, ಅವರ ಮನೆಯೇ ಒಂದು ಗುರುಕುಲ’ ಎಂದರು. ಹೊಟ್ಟೆ ತುಂಬಿದ ಜನ ತಲೆಯಾಡಿಸಿದರು. ನಾನು ಎದ್ದು ಹೊರಗಿನ ಜಗಲಿಗೆ ಬಂದೆ.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ಆಡದಿದ್ದರೆ ಬದುಕಿರುವವರ ಹೆಸರು ಅಳಿಸಿಹೋಗುತ್ತದೆ. ಆ ಮನೆಯಲ್ಲಿ ಮಕ್ಕಳಿಗೆ ಕಲಿಸಿದವಳು ನನ್ನ ಅಕ್ಕ ಪ್ರಭಾವತಿ. ಉಪಾಧ್ಯರು ಅವಳ ಮಾವ. ಅವರು ಕಲಿಸಿದ್ದು ಏನೂ ಇಲ್ಲ. ಕಲಿಯುತ್ತಿದ್ದ ಮಕ್ಕಳನ್ನು ಶಾಲೆ ಬಿಡಿಸಿದವರು ಅವರು.

ನನ್ನ ಹೆಸರು ರಮಾಮಣಿ. ಕಾರ್ಕಳದಲ್ಲಿ ಹೈಸ್ಕೂಲು ಟೀಚರು. ಮದುವೆಯಾಗಲಿಲ್ಲ, ಕೋಣೆ ಬಾಡಿಗೆಗೆ ಹಿಡಿದು ಒಬ್ಬಳೇ ಇದ್ದೆ, ಹೊಟೇಲಿನಲ್ಲಿ ಉಣ್ಣುತ್ತಿದ್ದೆ. ಅದರಿಂದ ಉಪಾಧ್ಯರ ಲೆಕ್ಕದಲ್ಲಿ ನಾನು ಅರ್ಧ ಮೈಲಿಗೆ. ಭಾನುವಾರ ಬಸ್ಸು ಹತ್ತಿ ಅಕ್ಕನನ್ನು ನೋಡಲು ಹೋದರೆ ನನಗೆ ಎಲೆ ಹಾಕುತ್ತಿದ್ದುದು ಹೊರಗಿನ ಜಗಲಿಯಲ್ಲಿ. ನನಗೇನೂ ಬೇಸರವಿರಲಿಲ್ಲ. ಒಳಗಿನ ಗಾಳಿಗಿಂತ ಜಗಲಿಯ ಗಾಳಿ ಚೆನ್ನಾಗಿತ್ತು.

ಅಕ್ಕ ಎಸ್ಸೆಸ್ಸೆಲ್ಸಿಯಲ್ಲಿ ಕ್ಲಾಸಿಗೇ ಮೊದಲಿಗಳು. ಟೀಚರಾಗಬೇಕೆಂದಿದ್ದವಳು ಅವಳು, ಆದದ್ದು ನಾನು. ಅವಳನ್ನು ಹೃಷೀಕೇಶ ಭಾವನಿಗೆ ಕೊಟ್ಟು ಮದುವೆ ಮಾಡಿದರು. ಭಾವನಿಗೆ ಮಣಿಪಾಲದಲ್ಲಿ ಆಫೀಸು ಕೆಲಸ. ಅತ್ತೆ ಮೊದಲೇ ತೀರಿಹೋಗಿದ್ದುದರಿಂದ ಅಡಿಗೆಮನೆ ಪೂರ್ತಿ ಅಕ್ಕನ ತಲೆಯ ಮೇಲೆ ಬಿತ್ತು. ಉಪಾಧ್ಯರು ಪುರೋಹಿತರು, ಮಡಿ ಎಂದರೆ ಮಡಿ. ಬೆಳಿಗ್ಗೆ ಮಿಂದು, ಹಿಂದಿನ ದಿನ ಯಾರೂ ಮುಟ್ಟದ ಹಾಗೆ ಕೋಲಿನ ಮೇಲೆ ಒಣಗಿಸಿದ ಸೀರೆ ಉಟ್ಟರೆ, ಗಂಡಸರ ಊಟ ಮುಗಿಯುವ ತನಕ ಅಕ್ಕ ಯಾರನ್ನೂ, ಯಾವುದನ್ನೂ ಮುಟ್ಟುವ ಹಾಗಿಲ್ಲ. ಅಳುವ ಮಗುವನ್ನೂ ಮುಟ್ಟುವ ಹಾಗಿಲ್ಲ.

ಮೂವರು ಮಕ್ಕಳು. ಮಧ್ವರಾಜ, ನಳಿನಾಕ್ಷಿ, ಕೊನೆಯವಳು ವಾರಿಜ. ದೊಡ್ಡವರಿಬ್ಬರು ಹತ್ತಿರದ ಶಾಲೆಗೆ ಹೋಗುತ್ತಿದ್ದರು. ಆಗ ಶಾಲೆಗಳಲ್ಲಿ ಮಧ್ಯಾಹ್ನ ಗೋಧಿ ನುಚ್ಚಿನ ಉಪ್ಪಿಟ್ಟು ಕೊಡುತ್ತಿದ್ದ ಕಾಲ. ಅಲ್ಲಿ ಬೇಯಿಸುತ್ತಿದ್ದವರು ಸೋಫಿಯಾ ಬಾಯಿ. ಎಪ್ಪತ್ತಮೂರನೆಯ ಇಸವಿಯಲ್ಲಿ ಒಂದು ದಿನ ನಳಿನಾಕ್ಷಿ ಮನೆಗೆ ಬಂದು, ‘ಉಪ್ಪಿಟ್ಟು ಬಹಳ ರುಚಿ ಉಂಟು’ ಎಂದಳು. ಆರು ವರ್ಷದ ಮಗು, ಮುಚ್ಚಿಡುವುದು ಅವಳಿಗೇನು ಗೊತ್ತು? ಅಜ್ಜಯ್ಯ ಜಪ ಬಿಟ್ಟು ಎದ್ದರು. ಇಬ್ಬರು ಮಕ್ಕಳನ್ನೂ ಬಾವಿಕಟ್ಟೆಯಲ್ಲಿ ನಿಲ್ಲಿಸಿ ತಣ್ಣೀರು ಹೊಯ್ಯಿಸಿ, ಪಂಚಗವ್ಯ ಕುಡಿಸಿದರು. ಸಗಣಿ, ಗಂಜಳ ಕಲಸಿದ್ದು. ನಳಿನಾಕ್ಷಿ ವಾಂತಿ ಮಾಡಿದಳು. ವಾಂತಿಯಾದದ್ದಕ್ಕೆ ಪುನಃ ಕುಡಿಸಿದರು. ಮರುದಿನದಿಂದ ಶಾಲೆ ಬಂದ್.

ಮುಂದಿನ ಭಾನುವಾರ ನಾನು ಹೋದಾಗ ಹುಡುಗಿ ನನ್ನ ಕಿವಿಯಲ್ಲಿ, ‘ಚಿಕ್ಕಮ್ಮ, ನನ್ನ ಬಾಯಿ ಇನ್ನೂ ವಾಸನೆ ಬರ್ತದಾ?’ ಎಂದು ಕೇಳಿದಳು. ಇವತ್ತಿಗೂ ಅದು ನೆನಪಾದರೆ ಮೈ ಉರಿಯುತ್ತದೆ.

ಭಾವ ಏನು ಮಾಡಿದರು? ಏನೂ ಮಾಡಲಿಲ್ಲ. ‘ಅಪ್ಪನಿಗೆ ಹೇಳುವುದು ಹೇಗೆ ರಮಾ?’ ಎಂದರು. ಈ ಭಾವನನ್ನು ನಾನು ಮಣಿಪಾಲದ ಹೊಟೇಲೊಂದರಲ್ಲಿ ಕಣ್ಣಾರೆ ಕಂಡಿದ್ದೇನೆ, ನೀರುಳ್ಳಿ ಬಜೆಯ ಪ್ಲೇಟಿನ ಮುಂದೆ, ಬೆರಳು ನೆಕ್ಕುತ್ತ. ಸಂಜೆ ಮನೆಗೆ ಬಂದು ಮಿಂದು ಪಂಚೆ ಉಟ್ಟರೆ ಶುದ್ಧ. ಅಪ್ಪನ ಮಡಿಯಾದರೂ ಅಪ್ಪನಿಗೆ ನಿಜ. ಮಗನದ್ದು ಬರೀ ಬಟ್ಟೆ ಬದಲಿಸುವ ಕೆಲಸ. ಅಪ್ಪನಿಗಿಂತ ಹೆಚ್ಚು ಹೇಸಿಗೆ ನನಗೆ ಮಗನನ್ನು ಕಂಡರೆ.

ಅಕ್ಕ ಅತ್ತಳೋ ಇಲ್ಲವೋ ನನಗೆ ಗೊತ್ತಿಲ್ಲ. ಮಕ್ಕಳ ಪಾಠಪುಸ್ತಕ ತಂದುಕೊಡು ಎಂದು ಮಾತ್ರ ಹೇಳಿದಳು. ತಂದುಕೊಟ್ಟೆ. ಉಪಾಧ್ಯರು ಬೇಡ ಎನ್ನಲಿಲ್ಲ, ಒಂದು ಮಾತು ಹೇಳಿದರು: ಪುಸ್ತಕ ಅಡಿಗೆಮನೆಯ ಹೊಸ್ತಿಲು ದಾಟಬಾರದು. ಬೈಂಡಿಗೆ ಅಂಟು ಹಚ್ಚಿರುತ್ತಾರೆ. ಅಂಟೆಂದರೆ ಬೇಯಿಸಿದ ಗಂಜಿ, ಆದ್ದರಿಂದ ಮುಸುರೆ. ಮೇಲಿಂದ ಯಾರು ಯಾರು ಮುಟ್ಟಿದ್ದಾರೋ. ಮಡಿಯಲ್ಲಿರುವಾಗ ಅಕ್ಕ ಅದನ್ನು ಮುಟ್ಟಲೇಬಾರದು.

ಅಕ್ಕ ಮಡಿಯಲ್ಲಿ ಇಲ್ಲದ ಹೊತ್ತು ಯಾವುದು? ಗಂಡಸರು ಉಂಡು, ಮಕ್ಕಳು ಉಂಡು, ಅವಳು ಉಂಡು, ನೆಲಕ್ಕೆ ಸಗಣಿ ಬಳಿದು ಮುಗಿಯುವಾಗ ಉಪಾಧ್ಯರು ಚಾವಡಿಯಲ್ಲಿ ಮಲಗಿರುತ್ತಿದ್ದರು. ಆಗ ಮನೆಯಲ್ಲಿ ಸೂಜಿ ಬಿದ್ದ ಸದ್ದೂ ಆಗಬಾರದು. ಅವರು ಎದ್ದರೆಂದರೆ ರಾತ್ರಿಯ ಅಡಿಗೆಗೆ ಪುನಃ ಮೀಯಬೇಕು. ಭಾನುವಾರ ಗಂಡ ಮನೆಯಲ್ಲಿ, ಪಾಠವೇ ಇಲ್ಲ. ಹಾಗಾಗಿ ಶಾಲೆ ನಡೆದದ್ದು ಅಡಿಗೆಯ ಹೊತ್ತಿನಲ್ಲಿ, ಹೊಸ್ತಿಲಿನ ಆಚೆ ಈಚೆ. ಒಳಗೆ ಒಲೆಯ ಮುಂದೆ ಅಕ್ಕ, ಹೊರಗೆ ಮಕ್ಕಳು.

ಅಕ್ಕನಿಗೆ ಕಲಿಸುವ ಕೈ ಇತ್ತು. ತೆಂಗಿನಕಾಯಿ ಅರೆಯುವ ಕಲ್ಲಿನ ತಾಳಕ್ಕೆ ಮಗ್ಗಿ ಹೇಳಿಸುತ್ತಿದ್ದಳು. ಹಲಸಿನ ಬೀಜ ಸುಲಿಯಲು ಕೊಟ್ಟು ಭಾಗಾಕಾರ ಮಾಡಿಸುತ್ತಿದ್ದಳು. ಚಾತುರ್ಮಾಸ್ಯದಲ್ಲಿ ಆ ಮನೆಯಲ್ಲಿ ಒಂದು ತಿಂಗಳು ತರಕಾರಿ ಇಲ್ಲ, ಒಂದು ತಿಂಗಳು ಮೊಸರಿಲ್ಲ, ಒಂದು ತಿಂಗಳು ಹಾಲಿಲ್ಲ, ಒಂದು ತಿಂಗಳು ಬೇಳೆಯಿಲ್ಲ. ಅದನ್ನೇ ಹಿಡಿದು ಮಕ್ಕಳಿಗೆ ಯಾವ ಕಾಳು ಎಲ್ಲಿ ಬೆಳೆಯುತ್ತದೆ, ಹಾಲು ಮೊಸರಾಗುವುದು ಹೇಗೆ ಎಂದೆಲ್ಲ ತಿಳಿಸಿದಳು. ಬೆಳ್ತಿಗೆ ಅನ್ನ, ಒಳ್ಳೆಮೆಣಸಿನ ಸಾರು, ಹುರಿದ ಹಪ್ಪಳ, ಮಜ್ಜಿಗೆ: ಹೆಚ್ಚಿನ ದಿನ ಇಷ್ಟೇ ಅಡಿಗೆ. ಸಾರು ಕುದಿಯುವಾಗ ಇತಿಹಾಸ, ಅನ್ನ ಇಳಿಸುವಾಗ ಡಿಕ್ಟೇಶನ್. ಮನೆಯಲ್ಲಿ ಆಡುವುದು ತುಳು. ಕನ್ನಡ ಬರುವುದು ಪುಸ್ತಕದಿಂದಲೇ. ದೊಡ್ಡವರಿಬ್ಬರೂ ಎಷ್ಟು ಚಂದದ ಕನ್ನಡ ಬರೆಯುತ್ತಿದ್ದರೆಂದರೆ ನನ್ನ ಹೈಸ್ಕೂಲಿನ ಮಕ್ಕಳಿಗೂ ಹಾಗೆ ಬರುತ್ತಿರಲಿಲ್ಲ.

ವಾರಿಜ ಶಾಲೆಯ ಮೆಟ್ಟಿಲು ಕಂಡವಳಲ್ಲ. ಅಣ್ಣ ಅಕ್ಕ ಶಾಲೆ ಬಿಟ್ಟಾಗ ಅವಳಿಗೆ ನಾಲ್ಕೂ ತುಂಬಿರಲಿಲ್ಲ. ಅವಳಿಗೆ ಒಂದು ಕೆಲಸ ಕೊಟ್ಟಿದ್ದರು. ಹೊಸ್ತಿಲಿನ ಹೊರಗೆ ಮಣೆಯ ಮೇಲೆ ಪುಸ್ತಕ ಬಿಡಿಸಿ, ಒಳಗಿರುವ ಅಮ್ಮನಿಗೆ ಕಾಣುವ ಹಾಗೆ ಇಡುವುದು. ತಾನು ಅದರ ಹಿಂದೆ ಕೂತು, ಅಮ್ಮ ಹೇಳಿದಾಗ ಹಾಳೆ ಮಗುಚುವುದು. ಅಮ್ಮ ಓದುತ್ತ ಹೋದ ಹಾಗೆ ತೆಂಗಿನ ಗರಿಯ ಹಿಡಿಕಡ್ಡಿಯಿಂದ ಅಕ್ಷರ ತೋರಿಸುವುದು. ಅಮ್ಮನ ಕೈ ಪುಸ್ತಕ ಮುಟ್ಟಬಾರದಲ್ಲ, ಮಗಳೇ ಕೈಯಾದಳು. ಹಾಗೆ ತೋರಿಸುತ್ತ ತೋರಿಸುತ್ತ ಓದಲು ಕಲಿತಳು. ಅಕ್ಕ ಹೊಸ್ತಿಲಿನ ಒಳಗಿಂದ ಅಕ್ಕಿಹಿಟ್ಟಿನಲ್ಲಿ ನೆಲದ ಮೇಲೆ ಬರೆದರೆ ವಾರಿಜ ಹೊರಗೆ ಸ್ಲೇಟಿನಲ್ಲಿ ನೋಡಿ ಬರೆಯುತ್ತಿದ್ದಳು, ಬರೆದದ್ದನ್ನು ಇದ್ದ ಹಾಗೆಯೇ ಅಮ್ಮನ ಮುಂದೆ ಸರಿಸುತ್ತಿದ್ದಳು. ಒಂದಕ್ಷರ ತಪ್ಪಿರುತ್ತಿರಲಿಲ್ಲ. ‘ಮೂವರಲ್ಲಿ ಇವಳೇ ಚುರುಕು ರಮಾ’ ಎಂದು ಅಕ್ಕ ನನ್ನಲ್ಲಿ ಹೇಳಿದ್ದುಂಟು.

ಎಪ್ಪತ್ತೆಂಟರ ಫೆಬ್ರವರಿಯಲ್ಲಿ ಉಪಾಧ್ಯರು ಕಾಶಿಯಾತ್ರೆಗೆ ಹೊರಟರು. ಅವರ ರೈಲು ಮಂಗಳೂರು ಬಿಟ್ಟಿತೋ ಇಲ್ಲವೋ, ನಾನು ರಜೆ ಹಾಕಿ ಬಂದೆ. ಪರ್ಕಳದ ಕಡೆಯ ಶಾಲೆಯೊಂದರಲ್ಲಿ ಎಡ್ಮಂಡ್ ಮಾಸ್ತರರೆಂದು ಹೆಡ್‌ಮಾಸ್ತರರು ಇದ್ದರು, ನನ್ನ ಟ್ರೈನಿಂಗಿನ ಕಾಲದ ಪರಿಚಯ. ‘ಮಕ್ಕಳನ್ನು ಕರಕೊಂಡು ಬನ್ನಿ, ಪರೀಕ್ಷೆ ಮಾಡಿ ಯಾವ ಕ್ಲಾಸಿಗೆ ತಕ್ಕವರೋ ಜೂನಿನಲ್ಲಿ ಆ ಕ್ಲಾಸಿಗೆ ಸೇರಿಸುವ’ ಎಂದಿದ್ದರು. ಅಕ್ಕ ಮೂವರನ್ನೂ ಮೀಯಿಸಿ, ತಲೆ ಬಾಚಿ, ಗಂಡನಿಗೆ ಹೇಳದೆ ನನ್ನೊಡನೆ ಬಸ್ಸು ಹತ್ತಿದಳು. ಮದುವೆಯಾದ ಮೇಲೆ ಗಂಡನಿಗೆ ಹೇಳದೆ ಅವಳು ಮಾಡಿದ ಮೊದಲ ಕೆಲಸ ಅದು.

ಮಧ್ವರಾಜನಿಗೆ ಲೆಕ್ಕ ಕೊಟ್ಟರು, ಮಾಡಿದ. ನಳಿನಾಕ್ಷಿಗೆ ಪ್ರಬಂಧ ಬರೆಯಲು ಹೇಳಿದರು, ಬರೆದಳು. ಏಳನೆಯ ಕ್ಲಾಸಿಗೆ ಒಬ್ಬ, ಆರನೆಯದಕ್ಕೆ ಒಬ್ಬಳು ಎಂದು ಒಪ್ಪಿದರು. ಅಕ್ಕನ ಮುಖ ಅಷ್ಟು ಅರಳಿದ್ದನ್ನು ನಾನು ಕಂಡೇ ಇರಲಿಲ್ಲ.

ಆಮೇಲೆ ವಾರಿಜಳ ಕೈಗೆ ಮೂರನೆಯ ಕ್ಲಾಸಿನ ಪುಸ್ತಕ ಕೊಟ್ಟರು. ಅವಳು ತೆಗೆದುಕೊಂಡು, ತಲೆಕೆಳಗಾಗಿ ತಿರುಗಿಸಿ ಮೇಜಿನ ಮೇಲಿಟ್ಟು, ಬಲದಿಂದ ಎಡಕ್ಕೆ ಬೆರಳು ಸರಿಸುತ್ತ ಗಳಗಳ ಓದಿದಳು.

ಬಾಯಿಪಾಠ ಮಾಡಿರಬೇಕೆಂದು ಮಾಸ್ತರರು ಆ ದಿನದ ಪೇಪರು ಕೊಟ್ಟರು. ಅದನ್ನೂ ತಿರುಗಿಸಿ ಓದಿದಳು. ನೆಟ್ಟಗೆ ಹಿಡಿದು ಓದು ಎಂದರೆ ಒಂದಕ್ಷರ ಬರಲಿಲ್ಲ. ಸ್ಲೇಟು ಕೊಟ್ಟರೆ ಬರೆದದ್ದೂ ಹಾಗೆಯೇ. ಎದುರಿಗೆ ಕೂತವರಿಗೆ ಮಾತ್ರ ಓದಲು ಬರುತ್ತಿತ್ತು. ಕೋಣೆಯಲ್ಲಿದ್ದ ಇಬ್ಬರು ಟೀಚರುಗಳು ಮುಸಿಮುಸಿ ನಕ್ಕರು. ಮಾಸ್ತರರು ನಗಲಿಲ್ಲ. ಮನೆಯಲ್ಲಿ ಹೇಗೆ ಪಾಠ ಮಾಡುವುದು ಎಂದು ಕೇಳಿದರು. ಅಕ್ಕ ಹೇಳಿದಳು: ಮಣೆ, ಹೊಸ್ತಿಲು, ಹಿಡಿಕಡ್ಡಿ. ಹೇಳುತ್ತಿದ್ದ ಹಾಗೆ ಅವಳಿಗೇ ತಿಳಿಯಿತು, ಅರ್ಧಕ್ಕೆ ನಿಲ್ಲಿಸಿದಳು.

‘ಇಷ್ಟು ವರ್ಷ ಈ ಮಗುವಿನ ಪಕ್ಕದಲ್ಲಿ ಯಾರೂ ಕೂತಿಲ್ಲ ಅಲ್ವಾ ಅಮ್ಮ?’ ಎಂದರು ಮಾಸ್ತರರು.

ನಳಿನಾಕ್ಷಿ ಮೆಲ್ಲನೆ, ‘ಅವಳು ಯಾವಾಗಲೂ ಹಾಗೆಯೇ ಓದುವುದು ಸಾರ್, ನಾವು ಆಟ ಅಂತ ಎಣಿಸಿದ್ದೆವು’ ಎಂದಳು.

‘ಜೂನಿನ ಒಳಗೆ ನೆಟ್ಟಗೆ ಓದಿದರೆ ನಾಲ್ಕನೆಯ ಕ್ಲಾಸಿಗೆ ಸೇರಿಸುತ್ತೇನೆ. ಇಲ್ಲದಿದ್ದರೆ ಒಂದನೆಯದರಲ್ಲಿ ಸಣ್ಣ ಮಕ್ಕಳ ಸಾಲಿನಲ್ಲಿ ಕೂರಬೇಕಾಗುತ್ತದೆ. ನೀವು ಪಕ್ಕದಲ್ಲಿ ಕೂತು ಕಲಿಸಿ, ಬರುತ್ತದೆ’ ಎಂದು ಮಾಸ್ತರರು ಹೇಳಿ ಕಳುಹಿಸಿದರು.

ಬಸ್ಸಿನಲ್ಲಿ ಅಕ್ಕ ಒಂದೇ ಮಾತು ಆಡಿದಳು. ‘ನನ್ನ ಕಡೆಯಿಂದ ಎಲ್ಲ ಸರಿಯಾಗಿಯೇ ಕಾಣ್ತಿತ್ತು ರಮಾ.’ ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಕೈ ಕಟ್ಟಿ ಈಜಲು ಬಿಟ್ಟವರ ಮೇಲೆ ಬಂತು.

ಮಾವ ಊರಲ್ಲಿಲ್ಲದ ದಿನಗಳಲ್ಲಿ ಅಕ್ಕ ಮಧ್ಯಾಹ್ನದ ಹೊತ್ತು ವಾರಿಜಳನ್ನು ಮಗ್ಗುಲಲ್ಲಿ ಕೂರಿಸಿ ಕಲಿಸಲು ಹೊರಟಳು. ಹುಡುಗಿ ಅ ಆ ಇ ಈಯಿಂದ ಮೊದಲು ಮಾಡಬೇಕಾಯಿತು. ಸಿಡುಕುತ್ತಿದ್ದಳು, ಅಳುತ್ತಿದ್ದಳು. ಆದರೂ ಒಂದೊಂದೇ ಅಕ್ಷರ ಹಿಡಿಯತೊಡಗಿದ್ದಳು. ಅಷ್ಟರಲ್ಲಿ ಉಪಾಧ್ಯರು ಗಂಗೆಯ ತಂಬಿಗೆ ಹಿಡಿದುಕೊಂಡು ಬಂದರು. ಭಾವನಿಗೆ ಶಾಲೆಯ ಸುದ್ದಿ ತಿಳಿದಿತ್ತು. ಮಗ ಅಪ್ಪನಿಗೆ ವರದಿ ಒಪ್ಪಿಸಿದರು.

ಮನೆ ಹೊತ್ತಿ ಉರಿಯುತ್ತದೆಂದು ನಾನು ಎಣಿಸಿದ್ದೆ. ಹಾಗೇನೂ ಆಗಲಿಲ್ಲ. ಶಾಲೆಗೆ ಹೋಗದೆ ಏಳನೆಯ ಕ್ಲಾಸಿಗೆ ಪಾಸೆಂದರೆ ಊರಿನಲ್ಲಿ ಹೆಸರಲ್ಲವೇ? ‘ಬ್ಯಾಂಕಿನ ಕೆಲಸಕ್ಕೆ ಎಸ್ಸೆಸ್ಸೆಲ್ಸಿ ಬೇಕಂತೆ. ದೊಡ್ಡವರು ಹೋಗಲಿ. ಮನೆಯಿಂದ ಅವಲಕ್ಕಿ ಕಟ್ಟಿ ಕೊಂಡುಹೋದರೆ ಆಯಿತು’ ಎಂದರು ಉಪಾಧ್ಯರು. ಐದು ವರ್ಷದ ಹಿಂದೆ ಈ ಅವಲಕ್ಕಿ ಎಲ್ಲಿತ್ತು? ಪಂಚಗವ್ಯ ಕುಡಿಸುವ ಬದಲು ಒಂದು ಹಿಡಿ ಅವಲಕ್ಕಿ ಕಟ್ಟಿಕೊಟ್ಟಿದ್ದರೆ ಆಗುತ್ತಿರಲಿಲ್ಲವೇ?

ವಾರಿಜಳನ್ನು ಮಾತ್ರ ಬಿಡಲಿಲ್ಲ. ಅವಳು ತಲೆಕೆಳಗಾಗಿ ಓದುವುದನ್ನು ಕಂಡು ಮುದುಕರು ಹಿಗ್ಗಿಹೋದರು. ಪೂರ್ವಜನ್ಮದ ಸಂಸ್ಕಾರವೆಂದರು, ಕಾಶಿಯಾತ್ರೆಯ ಫಲವೆಂದರು. ಮನೆಗೆ ಯಾರು ಬಂದರೂ, ‘ವಾರಿಜ, ಪುಸ್ತಕ ತಾ ಮಗಾ’. ಹುಡುಗಿ ಪುಸ್ತಕ ತಿರುಗಿಸಿ ಓದುವುದು, ಬಂದವರು ಬಾಯಿ ಬಿಟ್ಟು ನೋಡುವುದು, ಕೈಗೊಂದು ಬಾಳೆಹಣ್ಣು. ಅಕ್ಕ ವಾರವಿಡೀ ಅವರು ಮಲಗಿದ ಹೊತ್ತಿನಲ್ಲಿ ಪಿಸುಗುಟ್ಟಿ ನೆಟ್ಟಗೆ ಮಾಡಿದ್ದನ್ನು ಒಂದು ಸಂಜೆಯಲ್ಲಿ ತಲೆಕೆಳಗು ಮಾಡುತ್ತಿದ್ದರು. ಮಂಗನ ಆಟ ಆಡಿಸುವವನಾದರೂ ಮಂಗಕ್ಕೆ ಹೊಟ್ಟೆಗೆ ಹಾಕಿ ಸಾಕುತ್ತಾನೆ. ಇವರು ಮಗುವಿನ ಓದನ್ನೇ ತಿಂದರು.

‘ಮಾವ, ಅವಳಿಗೆ ಹಾಗೆ ಓದಲು ಹೇಳಬೇಡಿ. ಜೂನಿಗೆ ಶಾಲೆಗೆ ಹೋಗಬೇಕು’ ಎಂದು ಅಕ್ಕ ಬಾಗಿಲ ಮರೆಯಿಂದ ಕೇಳಿಕೊಂಡದ್ದು ನಾನೇ ಕೇಳಿದ್ದೇನೆ.

‘ಅವಳಿಗೆ ಎಂತ ಶಾಲೆ? ದೇವರು ಕೊಟ್ಟದ್ದನ್ನು ಮಾಸ್ತರು ತಿದ್ದುವುದಾ?’ ಎಂದರು ಉಪಾಧ್ಯರು.

ಭಾವ ಪೇಪರು ಓದುತ್ತಿದ್ದರು. ನೆಟ್ಟಗೆ ಹಿಡಿದೇ ಓದುತ್ತಿದ್ದರು.

ಏಪ್ರಿಲಿನಲ್ಲಿ ಗಂಗಾ ಸಮಾರಾಧನೆ ಇಟ್ಟುಕೊಂಡರು. ಕಾಶಿಗೆ ಹೋಗಿ ಬಂದವರು ಗಂಗೆಯ ತಂಬಿಗೆಗೆ ಪೂಜೆ ಮಾಡಿ ನಾಲ್ಕು ಜನರಿಗೆ ಊಟ ಹಾಕುವ ಕ್ರಮ. ನನಗೆ ಬೇಸಿಗೆ ರಜೆ, ತರಕಾರಿ ಹೆಚ್ಚಲು ಬಂದಿದ್ದೆ. ಆ ದಿನದ ಮಡಿ ಕೇಳಬೇಡಿ. ಅಕ್ಕ ಬೆಳಕು ಹರಿಯುವ ಮೊದಲೇ ಮಿಂದು ಒಲೆಯ ಮುಂದೆ ನಿಂತವಳು. ಗುಳ್ಳಬದನೆಯ ಹುಳಿ, ಸಾರು, ಪಲ್ಯ, ಕೋಸಂಬರಿ, ಕಡಲೆಬೇಳೆ ಪಾಯಸ. ಚಾವಡಿಯಲ್ಲಿ ಎಲೆ ಬಿತ್ತು. ಪಂಕ್ತಿಯ ತುದಿಯಲ್ಲಿ ಉಪಾಧ್ಯರು, ಅವರ ಪಕ್ಕದಲ್ಲಿ ಎಲ್ಲರಿಗಿಂತ ಹಿರಿಯರಾದ ಒಬ್ಬ ಪುರೋಹಿತರು. ಉಪ್ಪು, ಉಪ್ಪಿನಕಾಯಿ, ಪಲ್ಯ, ಪಾಯಸ ಬಡಿಸಿ ಆಗಿತ್ತು. ಅಕ್ಕ ಅನ್ನದ ಪಾತ್ರೆ ಸೊಂಟದ ಮೇಲಿಟ್ಟುಕೊಂಡು ಬಂದಳು. ಅರ್ಧ ಪಂಕ್ತಿಗೆ ಅನ್ನ ಬಿದ್ದಿತ್ತು.

‘ಅನ್ನ ಬರುವುದರೊಳಗೆ ಒಂದು ವಿಶೇಷ ತೋರಿಸ್ತೇನೆ’ ಎಂದರು ಉಪಾಧ್ಯರು. ‘ವಾರಿಜ, ಪುಸ್ತಕ ತಾ.’

ವಾರಿಜ ಬಂದು ಪಂಕ್ತಿಗೆ ತಾಗದ ಹಾಗೆ ಬಾಗಿಲಿನ ಹತ್ತಿರ ಕೂತಳು. ಪುಸ್ತಕ ಬಿಡಿಸಿದಳು. ತಿರುಗಿಸಿ ನೆಲದ ಮೇಲಿಟ್ಟಳು. ಓದಲು ಬಾಯಿ ತೆರೆದಳು.

ಅಕ್ಕ ನಡೆದು ಹೋಗಿ, ಅನ್ನದ ಪಾತ್ರೆ ಸೊಂಟದಲ್ಲಿ ಇದ್ದ ಹಾಗೆಯೇ ಬಗ್ಗಿ, ಬಲಗೈಯಿಂದ ಪುಸ್ತಕ ಎತ್ತಿದಳು.

ಯಾರೋ, ‘ಮುಟ್ಟಿದರು’ ಎಂದು ಮೆಲ್ಲನೆ ಹೇಳಿದರು. ಅಕ್ಕ ಪಾತ್ರೆಯನ್ನು ನೆಲಕ್ಕೆ ಇಳಿಸಿ, ವಾರಿಜಳ ಪಕ್ಕದಲ್ಲಿ, ಭುಜಕ್ಕೆ ಭುಜ ತಾಗುವ ಹಾಗೆ ಕೂತಳು. ಪುಸ್ತಕವನ್ನು ನೆಟ್ಟಗೆ ಮಾಡಿ ಇಬ್ಬರ ಮಡಿಲಿನ ಮೇಲೂ ಬರುವ ಹಾಗೆ ಇಟ್ಟಳು.

‘ಈಗ ಓದು’ ಎಂದಳು.

ವಾರಿಜ ಪುಸ್ತಕ ನೋಡಿದಳು, ಅಮ್ಮನನ್ನು ನೋಡಿದಳು. ‘ಅಮ್ಮ, ಇದು ತಲೆಕೆಳಗೆ ಉಂಟು’ ಎಂದಳು.

‘ಇಲ್ಲ ಮಗಾ. ಇಲ್ಲಿಂದಲೇ ನೋಡು, ನನ್ನ ಪಕ್ಕದಿಂದ.’

ಉಪಾಧ್ಯರ ಮುಖ ಕಪ್ಪಿಟ್ಟಿತ್ತು. ‘ಎದ್ದು ಮಿಂದು ಬಾ’ ಎಂದರು.

‘ಇವತ್ತು ಪುನಃ ಮೀಯುವುದಿಲ್ಲ ಮಾವ’ ಎಂದಳು ಅಕ್ಕ. ದನಿ ಏರಿಸಲಿಲ್ಲ. ಪುಸ್ತಕದಿಂದ ಬೆರಳು ತೆಗೆಯಲಿಲ್ಲ.

ಈಗ ಎಲ್ಲರೂ ಎಲೆ ಬಿಟ್ಟು ಏಳುತ್ತಾರೆ, ಅಕ್ಕನ ಗತಿ ಮುಗಿಯಿತು ಎಂದುಕೊಂಡೆ. ಇಂತಹ ಅನ್ನ ಮುಟ್ಟದೆ ಏಳಬೇಕಾದ್ದೇ ಶಾಸ್ತ್ರ. ಆದರೆ ಹಿರಿಯ ಪುರೋಹಿತರು ಏಳಲಿಲ್ಲ. ಎಲೆಯ ತುದಿಯಲ್ಲಿ ಪಾಯಸ ಕೆನೆಗಟ್ಟುತ್ತಿತ್ತು. ಅವರು ಒಮ್ಮೆ ಅದನ್ನು ನೋಡಿದರು, ಒಮ್ಮೆ ಹುಳಿಯ ಪಾತ್ರೆಯನ್ನು ನೋಡಿದರು, ಗಂಟಲು ಸರಿಮಾಡಿಕೊಂಡರು.

‘ಪುಸ್ತಕವೆಂದರೆ ಸಾಕ್ಷಾತ್ ಸರಸ್ವತಿ. ಮುಟ್ಟಿದರೆ ದೋಷವಿಲ್ಲ’ ಎಂದರು.

‘ಹೌದು ಹೌದು, ದೋಷವಿಲ್ಲ’ ಎಂದಿತು ಪಂಕ್ತಿ.

ಎಲ್ಲರೂ ಉಪಾಧ್ಯರ ಕಡೆ ನೋಡಿದರು. ಕಾಶಿಗೆ ಹೋಗಿ ಬಂದವರ ಮನೆಯಲ್ಲಿ ಬ್ರಾಹ್ಮಣರು ಉಣ್ಣದೆ ಎದ್ದರೆ ಯಾತ್ರೆಯ ಪುಣ್ಯವೆಲ್ಲ ನೀರುಪಾಲು. ಮುದುಕರು ಎರಡು ಸಲ ಉಗುಳು ನುಂಗಿದರು. ‘ದೋಷವಿಲ್ಲ’ ಎಂದರು.

ಅಷ್ಟೇ. ಐದು ವರ್ಷ ಒಂದು ಮಗುವನ್ನು ತಾಯಿಯ ಮಗ್ಗುಲಿನಿಂದ ದೂರವಿಟ್ಟ ಶಾಸ್ತ್ರ, ಪಾಯಸ ಆರುವಷ್ಟರೊಳಗೆ ಕರಗಿಹೋಯಿತು. ಎದ್ದು ಹೋಗಿದ್ದರೆ ಅವರ ಮೇಲೆ ನನಗೆ ಒಂದು ತೂಕದ ಗೌರವವಾದರೂ ಉಳಿಯುತ್ತಿತ್ತು. ಉಂಡರು. ಭಾವ ಎದ್ದು ಸೊಂಟಕ್ಕೆ ಶಾಲು ಬಿಗಿದು ಅದೇ ಪಾತ್ರೆಯಿಂದ ಅನ್ನ ಬಡಿಸಿದರು. ಪಂಕ್ತಿಯವರು ಹುಳಿಗೆ ಉಪ್ಪು ಹದವಾಗಿದೆಯೆಂದು ಹೊಗಳುತ್ತ, ಸುರ್ರೆಂದು ಸಾರು ಎಳೆಯುತ್ತ, ಇನ್ನೊಂದು ಸೌಟು ಪಾಯಸ ಹಾಕಿಸಿಕೊಳ್ಳುತ್ತ ಉಂಡರು. ಅಷ್ಟು ಹೊಲಸಾದ ಊಟದ ಸದ್ದು ನಾನು ಯಾವ ಹೊಟೇಲಿನಲ್ಲಿಯೂ ಕೇಳಿಲ್ಲ.

‘ದೋಷವಿಲ್ಲ’ ಎಂಬ ಮಾತು ಕಿವಿಗೆ ಬಿದ್ದಾಗ ಅಕ್ಕ ಒಮ್ಮೆ ತಲೆಯೆತ್ತಿ ಆ ಸಾಲನ್ನು ಉದ್ದಕ್ಕೆ ನೋಡಿದ್ದಳು. ಅಂಗಳದಲ್ಲಿ ಸತ್ತು ನಾರುವ ಹೆಗ್ಗಣವನ್ನು ನೋಡಿದ ಹಾಗೆ ನೋಡಿದ್ದಳು. ಆಮೇಲೆ ಅವರ ಕಡೆ ತಿರುಗಲಿಲ್ಲ. ವಾರಿಜಳ ಬೆರಳನ್ನು ತನ್ನ ಕೈಯಲ್ಲಿ ಹಿಡಿದು ಎಡದಿಂದ ಬಲಕ್ಕೆ ಸರಿಸತೊಡಗಿದಳು. ಹುಡುಗಿ ಒಂದಕ್ಷರ ಹೇಳಿ ತಡೆದಳು, ಕಣ್ಣೊರೆಸಿದಳು, ಮುಂದಿನ ಅಕ್ಷರ ಹೇಳಿದಳು. ಪಂಕ್ತಿ ಮಜ್ಜಿಗೆಗೆ ಬರುವಾಗ ಅವಳು ಮೊದಲ ಸಾಲು ಮುಗಿಸಿದ್ದಳು.

ಜೂನಿನಲ್ಲಿ ಎಡ್ಮಂಡ್ ಮಾಸ್ತರರು ಅವಳನ್ನು ನಾಲ್ಕನೆಯ ಕ್ಲಾಸಿಗೆ ಸೇರಿಸಿಕೊಂಡರು. ಆ ಮಳೆಗಾಲದಿಂದ ಅಕ್ಕನ ಅಡಿಗೆಮನೆಯಲ್ಲಿ, ಹೊಸ್ತಿಲಿನ ಒಳಗೆ, ಅರೆಯುವ ಕಲ್ಲಿನ ಪಕ್ಕದಲ್ಲಿ ಪುಸ್ತಕ ಬಿಡಿಸಿಯೇ ಇರುತ್ತಿತ್ತು. ತಾಯಿಗೂ ಮಗಳಿಗೂ ಕೂರಲು ಎರಡು ಮಣೆ, ಪಕ್ಕಪಕ್ಕದಲ್ಲಿ. ಉಪಾಧ್ಯರು ಬಾಗಿಲಲ್ಲಿ ಬಂದು ನಿಂತರೆ ಅಕ್ಕ ತಲೆಯೆತ್ತದೆ, ‘ದೋಷವಿಲ್ಲ ಮಾವ, ಕೈ ತೊಳೆದು ಬನ್ನಿ, ಅನ್ನ ಆಗಿದೆ’ ಎನ್ನುತ್ತಿದ್ದಳು. ಸಾಯುವ ತನಕ ಅವರು ಅದನ್ನೇ ಉಂಡರು.